ಸ್ವರೂಪ ಬದಲಾದಾಗ ಬದಲಾಗುವ ತಂಡ: ಡೇವಿಸ್ ಕಪ್ ಮತ್ತು ಆಯ್ಕೆಯ ಪ್ರಶ್ನೆ

ಟೆನಿಸ್ ಮೂಲತಃ ಒಂಟಿ ಆಟಗಾರರ ಕ್ರೀಡೆ. ವರ್ಷದ ಬಹುಪಾಲು ದಿನಗಳನ್ನು ತನ್ನ ರ‍್ಯಾಂಕಿಂಗ್, ತನ್ನ ತರಬೇತುದಾರ ಮತ್ತು ತನ್ನ ಪ್ರಯಾಣದ ಖರ್ಚುಗಳ ಲೆಕ್ಕದಲ್ಲೇ ಕಳೆಯುವ ಆಟಗಾರ, ಕೆಲವೇ ವಾರಗಳ ಮಟ್ಟಿಗೆ ದೇಶದ ಹೆಸರಿನಲ್ಲಿ ಅಂಕಣಕ್ಕಿಳಿಯುತ್ತಾನೆ. ಆಗ ಅವನನ್ನು ಆರಿಸಲು ಒಂದು ಸಮಿತಿ ಇರುತ್ತದೆ, ಅಂಕಣದ ಬದಿಯಲ್ಲಿ ಕುಳಿತು ಸಲಹೆ ಕೊಡಲು ಆಡದ ನಾಯಕನೊಬ್ಬ ಇರುತ್ತಾನೆ, ಸೋತರೆ ಉತ್ತರ ಕೇಳಲು ಇಡೀ ದೇಶ ಇರುತ್ತದೆ. ಪುರುಷರ ಡೇವಿಸ್ ಕಪ್ ಮತ್ತು ಮಹಿಳೆಯರ ಬಿಲ್ಲಿ ಜೀನ್ ಕಿಂಗ್ ಕಪ್ ಈ ಬಗೆಯ ತಂಡ ಟೆನಿಸ್‌ನ ಎರಡು ಮುಖ್ಯ ವೇದಿಕೆಗಳು. ಇವುಗಳ ಬಗ್ಗೆ ದಶಕಗಳಿಂದ ಎರಡು ವಾದಗಳು ನಡೆದುಬಂದಿವೆ. ತಂಡದಲ್ಲಿ ಯಾರಿರಬೇಕೆಂಬುದು ಒಂದು; ಸ್ಪರ್ಧೆಯನ್ನು ಎಷ್ಟು ದಿನ, ಎಲ್ಲಿ, ಎಷ್ಟು ಪಂದ್ಯಗಳಲ್ಲಿ ನಡೆಸಬೇಕೆಂಬುದು ಇನ್ನೊಂದು. ಮೊದಲನೆಯದನ್ನು ವ್ಯಕ್ತಿಗಳ ಮನಸ್ತಾಪವೆಂದೂ ಎರಡನೆಯದನ್ನು ವ್ಯವಹಾರದ ವಿಚಾರವೆಂದೂ ಬೇರೆಬೇರೆಯಾಗಿ ಚರ್ಚಿಸುವುದು ರೂಢಿಯಾಗಿದೆ. ಆದರೆ ಸ್ಪರ್ಧೆಯ ಚರಿತ್ರೆಯನ್ನು ಮೊದಲಿನಿಂದ ಗಮನಿಸಿದರೆ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಸ್ಪಷ್ಟವಾಗುತ್ತದೆ. ಯಾವ ಬಗೆಯ ಆಟಗಾರನಿಗೆ ಬೆಲೆ, ಯಾರಿಗೆ ಬೆಂಚು ಎಂಬುದನ್ನು ಆಯ್ಕೆಗಾರರು ತೀರ್ಮಾನಿಸುವ ಮೊದಲೇ ಸ್ಪರ್ಧೆಯ ಸ್ವರೂಪ ತೀರ್ಮಾನಿಸಿರುತ್ತದೆ.

ಐದು ಪಂದ್ಯಗಳ ಚೌಕಟ್ಟು

ಹಾರ್ವರ್ಡ್‌ನ ವಿದ್ಯಾರ್ಥಿಯಾಗಿದ್ದ ಡ್ವೈಟ್ ಡೇವಿಸ್ ಕೊಟ್ಟ ಬೆಳ್ಳಿ ಬಟ್ಟಲಿಗಾಗಿ 1900ರ ಆಗಸ್ಟ್‌ನಲ್ಲಿ ಬಾಸ್ಟನ್‌ನ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್‌ನಲ್ಲಿ ಅಮೆರಿಕ ಮತ್ತು ಬ್ರಿಟಿಷ್ ದ್ವೀಪಗಳ ತಂಡಗಳು ಸೆಣಸಿದವು. ಎರಡು ದೇಶಗಳ ನಡುವಿನ ಇಂಥ ಮುಖಾಮುಖಿಯನ್ನು ಟೆನಿಸ್ ವಲಯದಲ್ಲಿ ಟೈ ಎಂದೂ, ಅದರೊಳಗಿನ ಒಂದೊಂದು ಪಂದ್ಯವನ್ನು ರಬ್ಬರ್ ಎಂದೂ ಕರೆಯುತ್ತಾರೆ. ಮೊದಲ ದಿನ ಎರಡು ಸಿಂಗಲ್ಸ್, ಎರಡನೆಯ ದಿನ ಒಂದು ಡಬಲ್ಸ್, ಮೂರನೆಯ ದಿನ ಎದುರಾಳಿಗಳನ್ನು ಅದಲುಬದಲು ಮಾಡಿದ ಎರಡು ರಿವರ್ಸ್ ಸಿಂಗಲ್ಸ್, ಪ್ರತಿ ಪಂದ್ಯವೂ ಐದು ಸೆಟ್‌ಗಳಲ್ಲಿ ಮೂರನ್ನು ಗೆಲ್ಲುವವರದು ಎಂಬ ಕ್ರಮ ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಮಿಕ್ಕಿ ಬಾಳಿತು. ಆಯ್ಕೆಯ ಸಮಸ್ಯೆ ಆ ಮೊದಲ ಪ್ರಯತ್ನದಲ್ಲೇ ತಲೆದೋರಿತ್ತು: ಆ ಕಾಲದ ಬ್ರಿಟನ್ನಿನ ಶ್ರೇಷ್ಠ ಆಟಗಾರರಾದ ಡೊಹರ್ಟಿ ಸಹೋದರರು ಹಡಗು ಹತ್ತಲಿಲ್ಲ, ಅವರಿಲ್ಲದ ತಂಡ 0–3ರಿಂದ ಸೋತು ಮರಳಿತು. ಉತ್ತಮ ಆಟಗಾರ ದೇಶಕ್ಕೆ ದೊರೆಯುತ್ತಾನೆಯೇ ಎಂಬ ಆತಂಕದ ವಯಸ್ಸು ಸ್ಪರ್ಧೆಯ ವಯಸ್ಸಿನಷ್ಟೇ.

ಈ ಚೌಕಟ್ಟಿನ ಒಂದು ಗುಣವನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಐದರಲ್ಲಿ ಮೂರು ಪಂದ್ಯ ಗೆಲ್ಲಬೇಕಾದ ಟೈನಲ್ಲಿ ಡಬಲ್ಸ್ ಮೂರನೆಯ ಪಂದ್ಯವಾದ್ದರಿಂದ, ಮೊದಲ ದಿನದ ಫಲಿತಾಂಶ ಏನೇ ಇರಲಿ, ಎರಡನೆಯ ದಿನ ಡಬಲ್ಸ್ ಜೋಡಿ ಅಂಕಣಕ್ಕಿಳಿಯುವಾಗ ಟೈ ಮುಗಿದಿರಲು ಸಾಧ್ಯವೇ ಇರಲಿಲ್ಲ. 2–0 ಮುನ್ನಡೆಯಲ್ಲಿದ್ದವರಿಗೆ ಅದು ಗೆಲುವಿನ ಬಾಗಿಲು, 0–2 ಹಿನ್ನಡೆಯಲ್ಲಿದ್ದವರಿಗೆ ಉಳಿದಿರುವ ಏಕೈಕ ಆಸರೆ, 1–1ರಲ್ಲಿದ್ದವರಿಗೆ ಟೈನ ತಿರುವು. ಹೀಗಾಗಿ ಡಬಲ್ಸ್ ಆಟಗಾರನನ್ನು ಆರಿಸುವ ನಾಯಕ ನಿಶ್ಚಿತವಾಗಿ ಆಡಲಿರುವ, ಎಂದೂ ಔಪಚಾರಿಕವಾಗದ ಒಂದು ಪಂದ್ಯಕ್ಕೆ ಆಟಗಾರನನ್ನು ಆರಿಸುತ್ತಿದ್ದ. ಸಿಂಗಲ್ಸ್‌ನಲ್ಲಿ ಬಲಿಷ್ಠರಲ್ಲದ ದೇಶಗಳು, ಭಾರತವೂ ಸೇರಿದಂತೆ, ಈ ಒಂದು ಪಂದ್ಯದ ಸುತ್ತ ತಮ್ಮ ಇಡೀ ತಂತ್ರವನ್ನು ಕಟ್ಟಿಕೊಳ್ಳಲು ಸಾಧ್ಯವಾದದ್ದು ಈ ಕಾರಣಕ್ಕೆ.

ಹಳೆಯ ಸ್ವರೂಪದಲ್ಲಿ ಅನ್ಯಾಯವಿರಲಿಲ್ಲವೆಂದಲ್ಲ. 1971ರವರೆಗೆ ಚಾಲೆಂಜ್ ರೌಂಡ್ ಎಂಬ ಪದ್ಧತಿ ಜಾರಿಯಲ್ಲಿತ್ತು. ಹಿಂದಿನ ವರ್ಷದ ವಿಜೇತ ದೇಶ ವರ್ಷವಿಡೀ ಆಡದೆ ಕಾದು, ಉಳಿದವರ ನಡುವೆ ಗೆದ್ದುಬಂದ ಒಂದೇ ಸವಾಲುಗಾರ ತಂಡವನ್ನು ತನ್ನ ನೆಲದಲ್ಲೇ ಎದುರಿಸುತ್ತಿತ್ತು. 1927ರಲ್ಲಿ ಫಿಲಡೆಲ್ಫಿಯಾದಲ್ಲಿ ಕಪ್ ಗೆದ್ದ ಫ್ರಾನ್ಸ್, ಮರುವರ್ಷದ ರಕ್ಷಣೆಗಾಗಿಯೇ ಪ್ಯಾರಿಸ್‌ನಲ್ಲಿ ರೋಲಾಂ ಗ್ಯಾರೋಸ್ ಕ್ರೀಡಾಂಗಣವನ್ನು ಕಟ್ಟಿ, 1932ರವರೆಗೆ ಕಪ್ಪನ್ನು ಅಲ್ಲೇ ಉಳಿಸಿಕೊಂಡಿತು. ಆಸ್ಟ್ರೇಲಿಯಾದ ಹ್ಯಾರಿ ಹಾಪ್‌ಮನ್ ನಾಯಕನಾಗಿ 16 ಬಾರಿ ಕಪ್ ಗೆದ್ದ ದಾಖಲೆಯ ಹಿಂದೆ ಆತನ ಕಠಿಣ ಶಿಸ್ತು, ಎಳೆಯರನ್ನು ಗುರುತಿಸುವ ಕಣ್ಣು ಇದ್ದಂತೆಯೇ ಈ ನಿಯಮದ ನೆರವೂ ಇತ್ತು. ವರ್ಷಕ್ಕೊಂದೇ ಟೈ ಆಡಬೇಕಾದ ನಾಯಕನಿಗೆ ಎಳೆಯ ಆಟಗಾರರನ್ನು ನಿಧಾನವಾಗಿ ಪಳಗಿಸುವಷ್ಟು ಸಮಯ ಸಿಗುತ್ತಿತ್ತು.

ಅದೇ ಅವಧಿಯಲ್ಲಿ ಆಯ್ಕೆಯನ್ನು ಇನ್ನೊಂದು ನಿಯಮವೂ ಬಿಗಿಯಾಗಿ ಹಿಡಿದಿತ್ತು. ಹಣಕ್ಕಾಗಿ ಆಡುವ ವೃತ್ತಿಪರರಿಗೆ ಡೇವಿಸ್ ಕಪ್‌ನಲ್ಲಿ ಪ್ರವೇಶವಿರಲಿಲ್ಲ. ರಾಡ್ ಲೇವರ್ 1962ರ ನಂತರ ವೃತ್ತಿಪರನಾದ ಕೂಡಲೇ ಆಸ್ಟ್ರೇಲಿಯಾ ತನ್ನ ಶ್ರೇಷ್ಠ ಆಟಗಾರನನ್ನು ಕಳೆದುಕೊಂಡಿತು. 1973ರಲ್ಲಿ ಈ ಬಾಗಿಲು ಪೂರ್ತಿ ತೆರೆದಾಗ ಕ್ಲೀವ್‌ಲ್ಯಾಂಡ್‌ನ ಒಳಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಲೇವರ್ ಮತ್ತು ಜಾನ್ ನ್ಯೂಕಂಬ್ ಸಿಂಗಲ್ಸ್ ಮತ್ತು ಡಬಲ್ಸ್ ಎರಡನ್ನೂ ಆಡಿದರು. ಐದು ವರ್ಷ ಸತತವಾಗಿ ಕಪ್ ಹಿಡಿದಿದ್ದ ಅಮೆರಿಕ 0–5ರಿಂದ ಮಣಿಯಿತು. ಕೆನ್ ರೋಸ್‌ವಾಲ್‌ನಂಥವನು ತಂಡದಲ್ಲಿದ್ದೂ ಆ ಫೈನಲ್ ಆಡದೆ ಕುಳಿತಿದ್ದ. ನಿಯಮ ಸಡಿಲವಾದೊಡನೆ, ಆಟಗಾರರ ಅಭಾವ ಕಂಡಿದ್ದ ದೇಶಕ್ಕೆ ಯಾರನ್ನು ಹೊರಗಿಡಬೇಕೆಂಬ ಚಿಂತೆ ಹತ್ತಿತು.

ತವರು ನೆಲದ ಬಲ

1972ರಲ್ಲಿ ಚಾಲೆಂಜ್ ರೌಂಡ್ ರದ್ದಾಯಿತು. 1981ರಲ್ಲಿ 16 ದೇಶಗಳ ವಿಶ್ವ ಗುಂಪು ಬಂದು ಉಳಿದ ದೇಶಗಳು ವಲಯವಾರು ಕೆಳಹಂತಗಳಿಗೆ ಸೇರಿದವು. ಆದರೆ ಆತಿಥೇಯ ದೇಶವೇ ಊರನ್ನೂ ಅಂಕಣವನ್ನೂ ಆರಿಸುವ ಪದ್ಧತಿ ಹಾಗೇ ಉಳಿಯಿತು. ಹುಲ್ಲು, ಮಣ್ಣು, ಗಟ್ಟಿ ಅಂಕಣ ಇವುಗಳಲ್ಲಿ ಚೆಂಡಿನ ವೇಗ ಮತ್ತು ಪುಟಿತ ಬೇರೆಬೇರೆಯಾದ್ದರಿಂದ ಅಂಕಣದ ಆಯ್ಕೆಯೇ ಅರ್ಧ ತಂಡದ ಆಯ್ಕೆಯಾಗಿತ್ತು.

ಭಾರತ ಮೂರು ಬಾರಿ ಫೈನಲ್ ತಲುಪಿದ ಕಥೆಯಲ್ಲಿ ಈ ಅಂಶ ಎದ್ದು ಕಾಣುತ್ತದೆ. 1966ರಲ್ಲಿ ಕಲ್ಕತ್ತಾದ ಹುಲ್ಲಿನಂಕಣದಲ್ಲಿ ಬ್ರೆಜಿಲ್‌ನ ಥಾಮಸ್ ಕಾಕ್ ಎದುರು ನಾಲ್ಕನೆಯ ಸೆಟ್‌ನಲ್ಲಿ 2–5 ಹಿನ್ನಡೆಯಲ್ಲಿದ್ದ ರಾಮನಾಥನ್ ಕೃಷ್ಣನ್ ತಿರುಗಿಬಿದ್ದು ನಿರ್ಣಾಯಕ ಪಂದ್ಯ ಗೆದ್ದು ದೇಶವನ್ನು ಮೊದಲ ಬಾರಿ ಫೈನಲ್‌ಗೆ ಒಯ್ದರು. ಮೆಲ್ಬರ್ನ್‌ನ ಫೈನಲ್‌ನಲ್ಲಿ ಭಾರತ 1–4ರಿಂದ ಸೋತರೂ ಆ ಒಂದು ಗೆಲುವು ಬಂದದ್ದು ಡಬಲ್ಸ್‌ನಲ್ಲಿ: ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಸೇರಿ ನ್ಯೂಕಂಬ್ ಮತ್ತು ಟೋನಿ ರೋಚ್ ಜೋಡಿಯನ್ನು ಮಣಿಸಿದ್ದರು. 1974ರಲ್ಲಿ ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ದಕ್ಷಿಣ ಆಫ್ರಿಕಾದ ವಿರುದ್ಧದ ಫೈನಲ್ ಆಡಲು ನಿರಾಕರಿಸಿತು. 1987ರಲ್ಲಿ ವಿಜಯ್ ಅಮೃತರಾಜ್, ರಮೇಶ್ ಕೃಷ್ಣನ್ ಮತ್ತು ಆನಂದ್ ಅಮೃತರಾಜ್ ಇದ್ದ ತಂಡ ಸಿಡ್ನಿಯಲ್ಲಿ ಆಸ್ಟ್ರೇಲಿಯಾವನ್ನೇ ಸೋಲಿಸಿ ಫೈನಲ್‌ಗೆ ಬಂದಾಗ, ಹುಲ್ಲಿನ ಮೇಲೆ ಪಳಗಿದ ಈ ಆಟಗಾರರಿಗಾಗಿ ಸ್ವೀಡನ್ ಗೋಥೆನ್‌ಬರ್ಗ್‌ನ ಒಳಾಂಗಣದಲ್ಲಿ ಮಣ್ಣಿನ ಅಂಕಣ ಹಾಕಿಸಿ 5–0ರಿಂದ ಗೆದ್ದಿತು. ಅದೇ ಮೂವರು ದೆಹಲಿಯ ಹುಲ್ಲಿನಲ್ಲಿ ಆಡಿದ್ದರೆ ಹೋರಾಟದ ಬಣ್ಣವೇ ಬೇರೆಯಾಗುತ್ತಿತ್ತು.

ತವರು ನೆಲದ ಬಲ ಎಂದೆಂದಿಗೂ ಕೈ ಹಿಡಿಯುವುದಿಲ್ಲವೆಂಬುದಕ್ಕೂ ಸಾಕ್ಷಿಯಿದೆ. 2015ರ ಫೈನಲ್‌ಗಾಗಿ ಬೆಲ್ಜಿಯಂ ಗೆಂಟ್ ನಗರದಲ್ಲಿ ಮಣ್ಣಿನ ಅಂಕಣ ಸಜ್ಜುಗೊಳಿಸಿತಾದರೂ ಬ್ರಿಟನ್ನಿನ ಆ್ಯಂಡಿ ಮರ್ರೆಯನ್ನು ತಡೆಯಲಾಗಲಿಲ್ಲ. 2019ರ ಫೆಬ್ರವರಿಯಲ್ಲಿ ಭಾರತ ಕೋಲ್ಕತ್ತಾದ ಹುಲ್ಲಿನ ಮೇಲೆ ಇಟಲಿಯನ್ನು ಆಹ್ವಾನಿಸಿ 1–3ರಿಂದ ಸೋತಿತು. ಆ ಹೊತ್ತಿಗೆ ಭಾರತದ ಹೊಸ ಪೀಳಿಗೆಯ ಆಟಗಾರರೇ ವರ್ಷವಿಡೀ ಗಟ್ಟಿ ಅಂಕಣಗಳಲ್ಲಿ ಆಡುವವರಾಗಿದ್ದರು. ಅಂಕಣವನ್ನು ಆರಿಸುವ ಹಕ್ಕು ತಂಡದ ನಿಜವಾದ ಶಕ್ತಿಗೆ ಹೊಂದಿದಾಗ ಮಾತ್ರ ಫಲ ಕೊಡುತ್ತದೆ.

ಮರ್ರೆಯ ಆ ವರ್ಷ ಒಬ್ಬನೇ ಕಪ್ ಗೆದ್ದ ವರ್ಷವೆಂದೇ ಪ್ರಸಿದ್ಧ. ಎಂಟು ಸಿಂಗಲ್ಸ್ ಮತ್ತು ಅಣ್ಣ ಜೇಮಿಯ ಜತೆ ಮೂರು ಡಬಲ್ಸ್ ಸೇರಿ ಆಡಿದ 11 ಪಂದ್ಯಗಳನ್ನೂ ಆತ ಗೆದ್ದಿದ್ದ. ಆದರೂ ಮೊದಲ ಸುತ್ತಿನಲ್ಲಿ ಗ್ಲಾಸ್ಗೋದಲ್ಲಿ ಅಮೆರಿಕದ ವಿರುದ್ಧ ಮರ್ರೆ ಗೆದ್ದದ್ದು ಎರಡು ಪಂದ್ಯ ಮಾತ್ರ; ಡಬಲ್ಸ್ ಸೋತಿದ್ದ ಆ ಟೈನಲ್ಲಿ ಬೇಕಾಗಿದ್ದ ಇನ್ನೊಂದು ಗೆಲುವನ್ನು ತಂದವನು ರ‍್ಯಾಂಕಿಂಗ್‌ನಲ್ಲಿ ನೂರರಿಂದ ಆಚೆ ಇದ್ದ ಜೇಮ್ಸ್ ವಾರ್ಡ್. ಎರಡು ಸೆಟ್ ಹಿಂದಿದ್ದವನು ಎತ್ತರದ ಸರ್ವ್‌ಗಾರ ಜಾನ್ ಇಸ್ನರ್‌ನನ್ನು ಐದನೆಯ ಸೆಟ್‌ನಲ್ಲಿ 15–13ರಿಂದ ಮಣಿಸಿದ. ಐದು ಪಂದ್ಯಗಳ ಟೈ ಎಷ್ಟೇ ದೊಡ್ಡ ಆಟಗಾರನಿಂದಲೂ ಕೊನೆಗೆ ಎರಡನೆಯ ಆಟಗಾರನೊಬ್ಬನನ್ನು ಕೇಳುತ್ತಿತ್ತು, ಆ ಎರಡನೆಯವನನ್ನು ಗುರುತಿಸುವುದೇ ನಾಯಕನ ಕೌಶಲವಾಗಿತ್ತು.

ಮಹಿಳೆಯರ ಸ್ಪರ್ಧೆಯ ವಿರುದ್ಧ ಪಯಣ

ಮಹಿಳೆಯರ ಸ್ಪರ್ಧೆ ಇದೇ ಹಾದಿಯನ್ನು ತಿರುವುಮುರುವಾಗಿ ನಡೆದದ್ದು ಈ ಸಮೀಕ್ಷೆಗೆ ಬಹಳ ಮುಖ್ಯ. 1963ರಲ್ಲಿ ಲಂಡನ್ನಿನ ಕ್ವೀನ್ಸ್ ಕ್ಲಬ್‌ನಲ್ಲಿ 16 ದೇಶಗಳೊಂದಿಗೆ ಆರಂಭವಾದ ಫೆಡರೇಷನ್ ಕಪ್ ಮೊದಲಿನಿಂದಲೂ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ, ಎರಡು ಸಿಂಗಲ್ಸ್ ಮತ್ತು ಒಂದು ಡಬಲ್ಸ್‌ನ ಪುಟ್ಟ ಟೈಗಳಾಗಿ ನಡೆಯುತ್ತಿತ್ತು. 1995ರಲ್ಲಿ ಅದನ್ನು ಫೆಡ್ ಕಪ್ ಎಂದು ಹೆಸರಿಸಿ, ಡೇವಿಸ್ ಕಪ್‌ನ ಮಾದರಿಯಲ್ಲಿ ತವರು ಮತ್ತು ಹೊರನಾಡಿನ ಟೈಗಳಾಗಿ, ಐದು ಪಂದ್ಯಗಳಾಗಿ ವಿಸ್ತರಿಸಲಾಯಿತು. ಡಬಲ್ಸ್ ಕೊನೆಯ ಪಂದ್ಯವಾಯಿತು. 2020ರಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್ ಎಂಬ ಹೆಸರಿನೊಡನೆ ಮತ್ತೆ ಒಂದೇ ಊರಿನ ಅಂತಿಮ ಹಂತದತ್ತ ಹೊರಳಿತು. ಒಂದೇ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ ಒಂದು ಸ್ಪರ್ಧೆಯಲ್ಲಿ ಸಾಲದೆಂದು ಬಿಟ್ಟ ಸ್ವರೂಪವನ್ನು ಕಾಲು ಶತಮಾನದೊಳಗೆ ಎರಡೂ ಸ್ಪರ್ಧೆಗಳಿಗೆ ಮದ್ದೆಂದು ತಂದದ್ದು, ಈ ಬದಲಾವಣೆಗಳ ಹಿಂದೆ ಸ್ಥಿರವಾದ ತತ್ತ್ವವೊಂದು ಇರಲಿಲ್ಲವೆಂಬುದನ್ನು ತೋರಿಸುತ್ತದೆ.

ಹಳೆಯ ಫೆಡ್ ಕಪ್‌ನ ಕೊನೆಯ ಫೈನಲ್ ಆಯ್ಕೆಯ ಕಲೆಗೆ ಉತ್ತಮ ನಿದರ್ಶನ. 2019ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾದ ಎದುರು ಫ್ರಾನ್ಸ್‌ನ ಕರೋಲಿನ್ ಗಾರ್ಸಿಯಾ ಮೊದಲ ದಿನ ಆ್ಯಶ್ಲೆ ಬಾರ್ಟಿಗೆ 0–6, 0–6ರಿಂದ ಶರಣಾಗಿದ್ದಳು. ಎರಡನೆಯ ದಿನ ನಾಯಕ ಜೂಲಿಯನ್ ಬೆನೆಟೊ ಅವಳನ್ನು ಸಿಂಗಲ್ಸ್‌ನಿಂದ ಕೆಳಗಿಳಿಸಿ ಪೋಲಿನ್ ಪಾರ್ಮೆಂಟಿಯೆಗೆ ಅವಕಾಶ ಕೊಟ್ಟ. ಕ್ರಿಸ್ಟಿನಾ ಮ್ಲಾಡೆನೊವಿಚ್ ಬಾರ್ಟಿಯನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದಳು, ಪಾರ್ಮೆಂಟಿಯೆ ಸೋತಳು, ಟೈ 2–2ಕ್ಕೆ ನಿಂತಿತು. ನಿರ್ಣಾಯಕ ಡಬಲ್ಸ್‌ಗೆ ಬೆನೆಟೊ ಮತ್ತೆ ಗಾರ್ಸಿಯಾಳನ್ನೇ ಮ್ಲಾಡೆನೊವಿಚ್ ಜತೆ ಇಳಿಸಿದ. ಹಿಂದಿನ ದಿನ ಒಂದೂ ಗೇಮ್ ಗೆಲ್ಲದ ಆಟಗಾರ್ತಿ ಬಾರ್ಟಿ ಮತ್ತು ಸಮಂತಾ ಸ್ಟೋಸರ್ ಜೋಡಿಯನ್ನು ನೇರ ಸೆಟ್‌ಗಳಲ್ಲಿ ಮಣಿಸಿ ಕಪ್ಪನ್ನು ಎತ್ತಿ ಹಿಡಿದಳು. ಸೋತವಳನ್ನು ಕೈಬಿಡದೆ, ಅವಳ ಬಲ ಎಲ್ಲಿದೆಯೋ ಅಲ್ಲಿ ಅವಳನ್ನು ಬಳಸಲು ಎರಡು ದಿನಗಳ, ಐದು ಪಂದ್ಯಗಳ ಅವಕಾಶ ಇದ್ದದ್ದರಿಂದಲೇ ಇದು ಸಾಧ್ಯವಾಯಿತು.

2018ರ ತಿರುವು

ಡೇವಿಸ್ ಕಪ್ ಬದಲಾಗಬೇಕೆಂಬ ಕೂಗಿಗೆ ಕಾರಣಗಳು ನಿಜವಾಗಿದ್ದವು. ಗ್ರ್ಯಾನ್ ಸ್ಲ್ಯಾಮ್‌ಗಳ ನಡುವೆ ವರ್ಷಕ್ಕೆ ನಾಲ್ಕು ವಾರಾಂತ್ಯ, ಅದೂ ಐದು ಸೆಟ್‌ಗಳ ಪಂದ್ಯಗಳು, ಕೆಲವೊಮ್ಮೆ ಖಂಡಾಂತರ ಪ್ರಯಾಣ ಎಂದಾಗ ಅಗ್ರ ಆಟಗಾರರು ಹಿಂದೆ ಸರಿಯುತ್ತಿದ್ದರು. ಒಲಿಂಪಿಕ್ಸ್‌ನಲ್ಲಿ ಆಡಬೇಕೆನ್ನುವವರು ದೇಶದ ತಂಡಕ್ಕೂ ಲಭ್ಯರಿರಬೇಕೆಂಬ ಕಟ್ಟಳೆ ಇಲ್ಲದಿದ್ದರೆ ಇನ್ನೂ ಹಲವರು ದೂರ ಉಳಿಯುತ್ತಿದ್ದರು. ಆದರೆ ಅಭಿಮಾನಿಗಳ ಒಲವು ಬತ್ತಿರಲಿಲ್ಲ. ರೋಜರ್ ಫೆಡರರ್ ಮತ್ತು ಸ್ಟಾನ್ ವಾವ್ರಿಂಕಾ ಸ್ವಿಟ್ಜರ್ಲೆಂಡ್‌ಗೆ ಮೊದಲ ಕಪ್ ತಂದ 2014ರ ಫೈನಲ್‌ನಲ್ಲಿ ಲೀಲ್ ನಗರದ ಕ್ರೀಡಾಂಗಣದಲ್ಲಿ ಒಂದೇ ದಿನ 27,432 ಮಂದಿ ನೆರೆದಿದ್ದರು.

2018ರ ಆಗಸ್ಟ್ 16ರಂದು ಓರ್ಲಾಂಡೊದಲ್ಲಿ ಸೇರಿದ ಒಕ್ಕೂಟದ ಮಹಾಸಭೆ ಮೂರನೇ ಎರಡರಷ್ಟು ಮತಗಳ ಅಗತ್ಯಕ್ಕೆ ಪ್ರತಿಯಾಗಿ ಶೇ. 71.43 ಮತಗಳಿಂದ ಹೊಸ ಸ್ವರೂಪವನ್ನು ಒಪ್ಪಿತು. ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆಯ ಕಾಸ್ಮೋಸ್ ಸಂಸ್ಥೆ 25 ವರ್ಷಗಳಲ್ಲಿ 300 ಕೋಟಿ ಡಾಲರ್ ಹೂಡುವ ಭರವಸೆ ಕೊಟ್ಟಿತ್ತು. 2019ರ ನವೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ 18 ತಂಡಗಳು ಒಂದೇ ವಾರ ಆಡಿದವು: ದಿನಕ್ಕೊಂದು ಟೈ, ಎರಡು ಸಿಂಗಲ್ಸ್, ಕೊನೆಗೆ ಒಂದು ಡಬಲ್ಸ್, ಎಲ್ಲವೂ ಮೂರು ಸೆಟ್‌ಗಳವು. ಸಿಂಗಲ್ಸ್‌ನಲ್ಲಿ ಎರಡನೆಯ ಕ್ರಮಾಂಕದವರು ಎರಡನೆಯವರೊಡನೆಯೂ ಮೊದಲನೆಯವರು ಮೊದಲನೆಯವರೊಡನೆಯೂ ಸೆಣಸುವ ಕಟ್ಟುಪಾಡು ಬಂದು, ರಿವರ್ಸ್ ಸಿಂಗಲ್ಸ್ ಮಾಯವಾಯಿತು. ಕೆನಡಾದ ಡೆನಿಸ್ ಶಪೊವಲೊವ್ ಮತ್ತು ವಾಸೆಕ್ ಪೊಸ್ಪಿಸಿಲ್ ಇಬ್ಬರೇ ಬಹುಪಾಲು ಸಿಂಗಲ್ಸ್, ಡಬಲ್ಸ್‌ಗಳನ್ನೆಲ್ಲ ಹೊತ್ತು ತಂಡವನ್ನು ಫೈನಲ್‌ವರೆಗೆ ತಂದರೆಂಬುದು ಹೊಸ ಸ್ವರೂಪದ ಸ್ವಭಾವವನ್ನು ಮೊದಲ ವಾರದಲ್ಲೇ ಬಯಲು ಮಾಡಿತು. 2023ರ ಜನವರಿಯಲ್ಲಿ ಕಾಸ್ಮೋಸ್ ಜತೆಗಿನ ಒಪ್ಪಂದ ಮುರಿದುಬಿತ್ತು. 25 ವರ್ಷಗಳೆಂದು ಹೇಳಿದ್ದು ಐದು ವರ್ಷವೂ ತುಂಬಲಿಲ್ಲ. ಹಣದ ಭರವಸೆ ಹೋಯಿತು, ಅದಕ್ಕಾಗಿ ಬದಲಾಯಿಸಿದ ಸ್ವರೂಪ ಮಾತ್ರ ಅಂತಿಮ ಹಂತದಲ್ಲಿ ಉಳಿಯಿತು.

ಲೆಕ್ಕ ಹೇಳುವ ಮಾತು

ಪಂದ್ಯಗಳ ಸಂಖ್ಯೆ ಕಡಿಮೆಯಾದಾಗ ಏನಾಗುತ್ತದೆಂಬುದನ್ನು ಸರಳ ಲೆಕ್ಕದಿಂದ ಕಾಣಬಹುದು. ಒಂದು ತಂಡದ ಆಟಗಾರರಿಗೆ ಪ್ರತಿ ಸೆಟ್ ಗೆಲ್ಲುವ ಸಾಧ್ಯತೆ ಶೇ. 60 ಇದೆಯೆಂದೂ ಒಂದು ಸೆಟ್‌ನ ಫಲ ಇನ್ನೊಂದರ ಮೇಲೆ ಪರಿಣಾಮ ಬೀರುವುದಿಲ್ಲವೆಂದೂ ಭಾವಿಸಿದರೆ, ಐದು ಸೆಟ್‌ಗಳ ಐದು ಪಂದ್ಯಗಳ ಹಳೆಯ ಟೈನಲ್ಲಿ ಆ ತಂಡ ಗೆಲ್ಲುವ ಸಾಧ್ಯತೆ ಸುಮಾರು ಶೇ. 81. ಮೂರು ಸೆಟ್‌ಗಳ ಮೂರು ಪಂದ್ಯಗಳ ಟೈನಲ್ಲಿ ಅದು ಸುಮಾರು ಶೇ. 72ಕ್ಕೆ ಇಳಿಯುತ್ತದೆ. ಅಂದರೆ ದುರ್ಬಲ ತಂಡದ ಆಸೆ ಶೇ. 19ರಿಂದ ಶೇ. 28ಕ್ಕೆ ಏರುತ್ತದೆ. ಚಿಕ್ಕ ದೇಶಗಳಿಗೆ ಇದು ಅನುಕೂಲವೆಂದು ವಾದಿಸಬಹುದು, ಆ ವಾದದಲ್ಲಿ ತಿರುಳೂ ಇದೆ. ಆದರೆ ಈ ಅನುಕೂಲ ಬರುವುದು ಆಟದಲ್ಲಿ ಅದೃಷ್ಟದ ಪಾಲು ಹೆಚ್ಚಿದ್ದರಿಂದ. ತಂಡದ ಆಳ ಹೆಚ್ಚಿದ್ದರಿಂದಲ್ಲ.

ಡಬಲ್ಸ್‌ನ ಸ್ಥಾನವಂತೂ ವಿಚಿತ್ರವಾಗಿದೆ. ಕಾಗದದ ಮೇಲೆ ಅದರ ತೂಕ ಐದರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲಿಗೆ ಏರಿದೆ. ಆದರೆ ಕೊನೆಯ ಪಂದ್ಯವಾದ್ದರಿಂದ ಸಿಂಗಲ್ಸ್ 1–1 ಆದಾಗ ಮಾತ್ರ ಅದಕ್ಕೆ ಜೀವ. 2023ರ ಸೆಮಿಫೈನಲ್‌ನಲ್ಲಿ ಮಲಗಾ ನಗರದಲ್ಲಿ ಇಟಲಿ 0–1 ಹಿಂದಿದ್ದಾಗ ಯಾನಿಕ್ ಸಿನ್ನರ್ ಮೂರು ಮ್ಯಾಚ್ ಪಾಯಿಂಟ್‌ಗಳನ್ನು ಉಳಿಸಿಕೊಂಡು ನೊವಾಕ್ ಜೊಕೊವಿಚ್‌ನನ್ನು ಸೋಲಿಸಿ, ಸ್ವಲ್ಪವೇ ಹೊತ್ತಿನ ನಂತರ ಲೊರೆಂಜೊ ಸೊನೆಗೊ ಜತೆ ಡಬಲ್ಸ್‌ನಲ್ಲೂ ಮತ್ತೆ ಜೊಕೊವಿಚ್ ಜೋಡಿಯನ್ನು ಮಣಿಸಿ ತಂಡವನ್ನು ಫೈನಲ್‌ಗೆ ಒಯ್ದ. ಅದ್ಭುತವಾದ ಹೋರಾಟವೇ ಸರಿ. ಆದರೆ ಒಂದೇ ಸಂಜೆ ಇಬ್ಬರು ಸಿಂಗಲ್ಸ್ ತಾರೆಗಳು ಎರಡೂ ಪಂದ್ಯಗಳನ್ನು ನಿರ್ಧರಿಸಿದರೆಂಬುದು, ಡಬಲ್ಸ್ ತಜ್ಞನಿಗೆ ಉಳಿದಿರುವ ಜಾಗ ಎಷ್ಟೆಂಬುದನ್ನೂ ಹೇಳುತ್ತದೆ.

2025ರಲ್ಲಿ ಬೊಲೊನ್ಯಾದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಸಿನ್ನರ್ ಮತ್ತು ಲೊರೆಂಜೊ ಮುಸೆಟ್ಟಿ ಇಲ್ಲದ ಇಟಲಿ, ಮ್ಯಾಟಿಯೊ ಬೆರೆಟ್ಟಿನಿ ಮತ್ತು ಫ್ಲಾವಿಯೊ ಕೊಬೊಲ್ಲಿ ಇಬ್ಬರ ಸಿಂಗಲ್ಸ್ ಬಲದಿಂದಲೇ ಆಸ್ಟ್ರಿಯಾ, ಬೆಲ್ಜಿಯಂ ಮತ್ತು ಸ್ಪೇನ್ ಮೂರೂ ತಂಡಗಳನ್ನು 2–0ರಿಂದ ಸೋಲಿಸಿ ಸತತ ಮೂರನೆಯ ಬಾರಿ ಕಪ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಕೊಬೊಲ್ಲಿ ಬೆಲ್ಜಿಯಂನ ಝಿಝೂ ಬರ್ಗ್ಸ್‌ನನ್ನು ಕೊನೆಯ ಟೈಬ್ರೇಕ್‌ನಲ್ಲಿ 17–15ರಿಂದ ಮಣಿಸಿದ್ದು ಈ ಸ್ಪರ್ಧೆಯ ಜೀವಂತಿಕೆಗೆ ಸಾಕ್ಷಿ. ನಾಯಕ ಫಿಲಿಪ್ಪೊ ವೊಲಾಂಡ್ರಿ ಸೊನೆಗೊ ಜತೆಗೆ ಸಿಮೊನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವಾವಸೊರಿ ಎಂಬ ಜಗತ್ತಿನ ಅಗ್ರ ಡಬಲ್ಸ್ ಜೋಡಿಗಳಲ್ಲೊಂದನ್ನು ತಂಡದಲ್ಲಿ ಇಟ್ಟುಕೊಂಡಿದ್ದರೂ ಆ ಜೋಡಿ ಅಂಕಣಕ್ಕೆ ಇಳಿಯಬೇಕಾಗಲೇ ಇಲ್ಲ. ಅವರನ್ನು ಆರಿಸಿದ್ದು ತಪ್ಪಾಗಿರಲಿಲ್ಲ. ಸ್ವರೂಪವೇ ಅವರನ್ನು ವಿಮೆಯ ಮಟ್ಟಕ್ಕೆ ಇಳಿಸಿತ್ತು.

ಭಾರತದ ಅನುಭವ, ಬೆಂಗಳೂರಿನ ಉದಾಹರಣೆ

ಭಾರತದ ಆಯ್ಕೆ ವಿವಾದಗಳನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. 2012ರ ಲಂಡನ್ ಒಲಿಂಪಿಕ್ಸ್‌ಗೆ ಲಿಯಾಂಡರ್ ಪೇಸ್ ಜತೆ ಆಡಲು ಮಹೇಶ್ ಭೂಪತಿ ಮತ್ತು ರೋಹನ್ ಬೋಪಣ್ಣ ಒಪ್ಪದಿದ್ದಾಗ ಎರಡು ಜೋಡಿಗಳನ್ನು ಕಳಿಸಬೇಕಾಯಿತು. 2013ರ ಫೆಬ್ರವರಿಯಲ್ಲಿ ಆಟಗಾರರು ಮತ್ತು ರಾಷ್ಟ್ರೀಯ ಸಂಸ್ಥೆಯ ನಡುವಿನ ಭಿನ್ನಾಭಿಪ್ರಾಯ ಮುರಿಯುವ ಹಂತಕ್ಕೆ ಹೋಗಿ, ಪ್ರಮುಖರು ದೂರ ಉಳಿದಾಗ, ಹೊಸಬರನ್ನು ಸಿಂಗಲ್ಸ್‌ಗೆ ಇಳಿಸಿದ ಭಾರತ ದೆಹಲಿಯಲ್ಲಿ ಕೊರಿಯಾ ಎದುರು 1–4ರಿಂದ ಸೋತಿತು. ಗೆದ್ದ ಒಂದು ಪಂದ್ಯ ಪೇಸ್ ಮತ್ತು ಪೂರವ್ ರಾಜಾ ಅವರ ಡಬಲ್ಸ್. ಇಂಥ ಪ್ರಸಂಗಗಳಲ್ಲಿ ವ್ಯಕ್ತಿಗಳ ಪಾತ್ರ ದೊಡ್ಡದೆಂಬುದು ನಿಜ. ಆದರೂ ದೇಶದ ಅತ್ಯುತ್ತಮ ಆಟಗಾರರೆಲ್ಲ ಡಬಲ್ಸ್ ತಜ್ಞರಾಗಿ, ಅವರಿಗೆ ಇರುವುದು ಒಂದೇ ಪಂದ್ಯವಾದಾಗ ಘರ್ಷಣೆಗೆ ಬೇಕಾದ ಇಂಧನವೆಲ್ಲ ಮೊದಲೇ ಒಟ್ಟಾಗಿರುತ್ತದೆ.

2017ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ಉಜ್ಬೆಕಿಸ್ತಾನದ ವಿರುದ್ಧ ನಡೆದ ಟೈ ಇದಕ್ಕೆ ಕನ್ನಡಿಗರ ಕಣ್ಣೆದುರೇ ನಡೆದ ಉದಾಹರಣೆ. ಆಡದ ನಾಯಕನಾಗಿದ್ದ ಭೂಪತಿ ಅಂತಿಮ ನಾಲ್ವರಲ್ಲಿ ರಾಮ್‌ಕುಮಾರ್ ರಾಮನಾಥನ್, ಪ್ರಜ್ಞೇಶ್ ಗುಣೇಶ್ವರನ್, ಶ್ರೀರಾಮ್ ಬಾಲಾಜಿ ಮತ್ತು ಕೊಡಗಿನ ಬೋಪಣ್ಣ ಅವರನ್ನು ಉಳಿಸಿಕೊಂಡು, 1990ರಿಂದ ಡೇವಿಸ್ ಕಪ್ ಆಡುತ್ತ ಬಂದಿದ್ದ ಪೇಸ್ ಅವರನ್ನು ಕೈಬಿಟ್ಟರು. ಬೋಪಣ್ಣ ಮತ್ತು ಬಾಲಾಜಿ ನೇರ ಸೆಟ್‌ಗಳಲ್ಲಿ ಡಬಲ್ಸ್ ಗೆದ್ದರು, ಭಾರತ 4–1ರಿಂದ ಟೈ ಗೆದ್ದಿತು. ಆದರೆ ಹೊರಗುಳಿದವರ ಮತ್ತು ಹೊರಗಿಟ್ಟವರ ಮಾತುಗಳೇ ಗೆಲುವಿಗಿಂತ ದೊಡ್ಡ ಸುದ್ದಿಯಾದವು. ನಾಲ್ಕು ಜನರ ತಂಡದಲ್ಲಿ ಇಬ್ಬರು ಸಿಂಗಲ್ಸ್ ಆಟಗಾರರು ಮತ್ತು ಅಗತ್ಯ ಬಿದ್ದರೆ ಸಿಂಗಲ್ಸ್‌ಗೂ ಇಳಿಯಬಲ್ಲ ಮೂರನೆಯವನೊಬ್ಬ ಬೇಕೆಂದರೆ, ಸಿಂಗಲ್ಸ್ ಬಿಟ್ಟ ಡಬಲ್ಸ್ ತಜ್ಞನಿಗೆ ಉಳಿಯುವುದು ಒಂದೇ ಕುರ್ಚಿ ಎಂಬ ಮೂಲ ಸತ್ಯ ಆ ಗದ್ದಲದಲ್ಲಿ ಮರೆಯಾಯಿತು.

ಮರುವರ್ಷ ವಲಯ ಮಟ್ಟದ ಟೈಗಳಿಗೆ ಹೊಸ ನಿಯಮ ಬಂತು: ಎರಡು ದಿನ, ಐದು ಪಂದ್ಯ, ಪ್ರತಿಯೊಂದೂ ಮೂರು ಸೆಟ್, ತಂಡದಲ್ಲಿ ಐವರು. ಒಂದೇ ಒಂದು ಕುರ್ಚಿ ಹೆಚ್ಚಾದ ಪರಿಣಾಮವನ್ನು 2018ರ ಏಪ್ರಿಲ್‌ನಲ್ಲಿ ಚೀನಾದ ತಿಯಾನ್‌ಜಿನ್‌ನಲ್ಲಿ ಕಾಣಬಹುದಾಗಿತ್ತು. ಮೊದಲ ದಿನ ರಾಮ್‌ಕುಮಾರ್ ಮತ್ತು ಸುಮಿತ್ ನಾಗಲ್ ಇಬ್ಬರೂ ಸೋತು ಭಾರತ 0–2 ಹಿಂದೆ ಬಿದ್ದಿತ್ತು. ಎರಡನೆಯ ದಿನ ಪೇಸ್ ಮತ್ತು ಬೋಪಣ್ಣ ಜತೆಯಾಗಿ ಡಬಲ್ಸ್ ಗೆದ್ದರು. ಅದು ಪೇಸ್ ಅವರ 43ನೆಯ ಡೇವಿಸ್ ಕಪ್ ಡಬಲ್ಸ್ ಗೆಲುವಾಗಿ, ಇಟಲಿಯ ನಿಕೊಲಾ ಪಿಯೆಟ್ರಾಂಜೆಲಿಯ ದಾಖಲೆಯನ್ನು ಹಿಂದಿಕ್ಕಿತು. ಆಮೇಲೆ ರಾಮ್‌ಕುಮಾರ್ ಗೆದ್ದು ಟೈ ಸಮವಾಯಿತು. ಕೊನೆಯ ಪಂದ್ಯಕ್ಕೆ ನಾಗಲ್ ಬದಲು ಇಳಿದ ಪ್ರಜ್ಞೇಶ್ ಚೀನಾದ ಎಳೆಯ ಪ್ರತಿಭೆ ವು ಯಿಬಿಂಗ್‌ನನ್ನು ಸೋಲಿಸಿ 3–2ರ ಗೆಲುವು ತಂದರು. ಇಬ್ಬರು ಡಬಲ್ಸ್ ಹಿರಿಯರು ಒಟ್ಟಿಗೆ ಇದ್ದದ್ದೂ, ಮೂರನೆಯ ಸಿಂಗಲ್ಸ್ ಆಟಗಾರ ಕಾದಿದ್ದದ್ದೂ ತಂಡ ಐವರದಾಗಿದ್ದರಿಂದ. 0–2ರಿಂದ ಚೇತರಿಸಿಕೊಳ್ಳಲು ಸಾಧ್ಯವಾದದ್ದು ಪಂದ್ಯಗಳು ಐದಾಗಿದ್ದರಿಂದ. ಮೂರು ಪಂದ್ಯಗಳ ಸ್ವರೂಪದಲ್ಲಿ ಭಾರತ ಮೊದಲ ದಿನವೇ ಸೋತು ಮನೆಗೆ ಹೊರಟಿರುತ್ತಿತ್ತು.

ರ‍್ಯಾಂಕಿಂಗ್ ಮೀರಿ ಆಟಗಾರನನ್ನು ನೋಡುವ ಕಣ್ಣಿಗೂ ಈ ಸ್ವರೂಪದಲ್ಲಿ ಬೆಲೆಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಬೀಲ್ ನಗರದಲ್ಲಿ ನಾಯಕ ರೋಹಿತ್ ರಾಜ್‌ಪಾಲ್ 600ರಿಂದ ಆಚಿನ ರ‍್ಯಾಂಕಿಂಗ್‌ನ ದಕ್ಷಿಣೇಶ್ವರ್ ಸುರೇಶ್‌ಗೆ ಮೊದಲ ಸಿಂಗಲ್ಸ್‌ನಲ್ಲೇ ಅವಕಾಶ ಕೊಟ್ಟರು. ವೇಗದ ಒಳಾಂಗಣದಲ್ಲಿ ಆತನ ಎತ್ತರದ ಸರ್ವ್ ಫಲ ಕೊಡುತ್ತದೆಂಬ ಎಣಿಕೆ ನಿಜವಾಗಿ ಸ್ವಿಸ್ ತಂಡದ ಅಗ್ರ ಆಟಗಾರ ಜೆರೋಮ್ ಕಿಮ್ ನೇರ ಸೆಟ್‌ಗಳಲ್ಲಿ ಸೋತ. ನಾಗಲ್ ಎರಡು ಸಿಂಗಲ್ಸ್ ಗೆದ್ದರು. 1993ರಲ್ಲಿ ಫ್ರಾನ್ಸ್‌ನ ಫ್ರೆಜ್ಯೂಸ್‌ನಲ್ಲಿ ಗೆದ್ದ ನಂತರ ಭಾರತ ಯೂರೋಪಿನ ನೆಲದಲ್ಲಿ ಗೆದ್ದ ಮೊದಲ ಟೈ ಇದು. ಮಹಿಳೆಯರಲ್ಲೂ 2025ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ದಿನಕ್ಕೊಂದು ಟೈ ಆಡಬೇಕಿದ್ದ ಗುಂಪಿನಲ್ಲಿ ಶ್ರೀವಲ್ಲಿ ಭಮಿಡಿಪಾಟಿ ಎಲ್ಲ ಸಿಂಗಲ್ಸ್ ಗೆದ್ದು ತಂಡವನ್ನು ಮುಂದಿನ ಹಂತಕ್ಕೆ ಒಯ್ದಳು. ವಾರವಿಡೀ ಆಡುವ ಗುಂಪಿನಲ್ಲಿ ಹೆಸರಿಗಿಂತ ಮೈಕಸುವಿಗೆ ಹೆಚ್ಚು ಬೆಲೆ ಎಂಬುದನ್ನು ಆಯ್ಕೆಗಾರರು ಅರಿತಿರಬೇಕಾಗುತ್ತದೆ.

ಉಳಿದ ಪ್ರಯೋಗಗಳು

ಡೇವಿಸ್ ಕಪ್‌ನ ಹೊರಗೂ ಹಲವು ಪ್ರಯೋಗಗಳು ನಡೆದಿವೆ. 2017ರಲ್ಲಿ ಪ್ರಾಗ್‌ನಲ್ಲಿ ಆರಂಭವಾದ ಲೇವರ್ ಕಪ್‌ನಲ್ಲಿ ಯೂರೋಪ್ ಮತ್ತು ಉಳಿದ ಜಗತ್ತಿನ ತಂಡಗಳನ್ನು ಭಾಗಶಃ ರ‍್ಯಾಂಕಿಂಗ್, ಭಾಗಶಃ ನಾಯಕನ ಆಯ್ಕೆ ಆಧರಿಸಿ ಕಟ್ಟುತ್ತಾರೆ. ಮೊದಲ ದಿನದ ಗೆಲುವಿಗೆ ಒಂದು, ಎರಡನೆಯ ದಿನದ್ದಕ್ಕೆ ಎರಡು, ಮೂರನೆಯ ದಿನದ್ದಕ್ಕೆ ಮೂರು ಅಂಕ ಸಿಗುತ್ತವೆ. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂದ ಎಟಿಪಿ ಕಪ್ ದೇಶದ ಅಗ್ರ ಆಟಗಾರನ ರ‍್ಯಾಂಕಿಂಗ್ ನೋಡಿ ದೇಶಕ್ಕೆ ಪ್ರವೇಶ ಕೊಡುತ್ತಿತ್ತು. ತಂಡದ ಅರ್ಹತೆ ಒಬ್ಬನ ಮೇಲೆ ನಿಂತ ಆ ಸ್ಪರ್ಧೆ ಮೂರೇ ವರ್ಷಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದ ಯುನೈಟೆಡ್ ಕಪ್ ಪುರುಷರನ್ನೂ ಮಹಿಳೆಯರನ್ನೂ ಒಂದೇ ತಂಡದಲ್ಲಿ ಸೇರಿಸಿದ್ದು ಸ್ವಾಗತಾರ್ಹ. ಆದರೆ ಮೊದಲ ವರ್ಷ ಐದಿದ್ದ ಪಂದ್ಯಗಳನ್ನು ಮರುವರ್ಷವೇ ತಲಾ ಒಂದು ಸಿಂಗಲ್ಸ್, ಒಂದು ಮಿಶ್ರ ಡಬಲ್ಸ್ ಎಂದು ಮೂರಕ್ಕೆ ಇಳಿಸಿದಾಗ ಎರಡನೆಯ ಸಾಲಿನ ಆಟಗಾರರಿಗೆ ಅಲ್ಲೂ ಅವಕಾಶ ತಪ್ಪಿತು. ಎಲ್ಲ ಪ್ರಯೋಗಗಳೂ ಸಮಯ ಉಳಿಸಲು ಹೊರಟು ಕೊನೆಗೆ ಆಟಗಾರರನ್ನು ಕಡಿತಗೊಳಿಸಿವೆ.

ಮುಂದಿನ ದಾರಿ

ಐದು ಸೆಟ್‌ಗಳ, ಮೂರು ದಿನಗಳ ಟೈ ಮರಳಿ ಬರಲಿ ಎಂದು ಬಯಸುವುದು ಇಂದಿನ ಟೆನಿಸ್ ಪಂಚಾಂಗದಲ್ಲಿ ಸಾಧ್ಯವಿಲ್ಲದ ಮಾತು; ಆಟಗಾರರ ದೇಹಗಳ ಮೇಲೆ ಅದು ಹೇರುತ್ತಿದ್ದ ಭಾರ ನಿಜವಾದದ್ದೇ. ಆದರೆ ಆ ಭಾರವನ್ನು ಇಳಿಸಲು ಪಂದ್ಯಗಳ ಸಂಖ್ಯೆಯನ್ನು ಕಡಿತಗೊಳಿಸಬೇಕಾಗಿರಲಿಲ್ಲ, ಸೆಟ್‌ಗಳ ಸಂಖ್ಯೆಯನ್ನು ಕಡಿತಗೊಳಿಸಿದ್ದರೆ ಸಾಕಿತ್ತು. ಎರಡು ದಿನ, ಮೂರು ಸೆಟ್‌ಗಳ ಐದು ಪಂದ್ಯ, ನಡುವೆ ಡಬಲ್ಸ್, ಐವರ ತಂಡ ಎಂಬ ಸ್ವರೂಪ ಅರ್ಹತಾ ಸುತ್ತುಗಳಲ್ಲೂ ಅದರ ಕೆಳಗಿನ ವಿಶ್ವ ಗುಂಪಿನ ಹಂತಗಳಲ್ಲೂ ಈಗಾಗಲೇ ಯಶಸ್ವಿಯಾಗಿ ನಡೆಯುತ್ತಿದೆ; ತವರು ನೆಲದ ಸೊಗಸೂ ಅಲ್ಲಿ ಉಳಿದಿದೆ. ಕಪ್ ಯಾರದೆಂದು ತೀರ್ಮಾನವಾಗುವ ಅಂತಿಮ ಹಂತಕ್ಕೆ ಮಾತ್ರ ಅದನ್ನು ನಿರಾಕರಿಸಲು ಗಟ್ಟಿಯಾದ ಕಾರಣವೊಂದು ಕಾಣುವುದಿಲ್ಲ. ಎಂಟು ತಂಡಗಳು ಒಂದೇ ಊರಿನಲ್ಲಿ ಸೇರಿದರೂ ಪ್ರತಿ ಟೈಗೆ ಎರಡು ದಿನ ಕೊಟ್ಟರೆ ಹತ್ತು ದಿನಗಳೊಳಗೆ ಸ್ಪರ್ಧೆ ಮುಗಿಯುತ್ತದೆ.

ರಾಷ್ಟ್ರೀಯ ಸಂಸ್ಥೆಗಳ ಹೊಣೆಯೂ ಚಿಕ್ಕದಲ್ಲ. ಆಯ್ಕೆಯ ಮಾನದಂಡಗಳನ್ನು, ಅಂದರೆ ರ‍್ಯಾಂಕಿಂಗ್‌ಗೆ ಎಷ್ಟು ತೂಕ, ಅಂಕಣಕ್ಕೆ ಹೊಂದುವ ಆಟಕ್ಕೆ ಎಷ್ಟು, ಇತ್ತೀಚಿನ ಲಯಕ್ಕೆ ಎಷ್ಟು, ಡಬಲ್ಸ್ ಜೋಡಿಯ ಪರಸ್ಪರ ಹೊಂದಾಣಿಕೆಗೆ ಎಷ್ಟು ಎಂಬುದನ್ನು ಟೈಗೆ ಮೊದಲೇ ಬರೆದು ಪ್ರಕಟಿಸಿದರೆ, ಹೊರಗುಳಿದ ಆಟಗಾರನಿಗೆ ನೋವಾಗಬಹುದೇ ವಿನಾ ಅವಮಾನವಾಗುವುದಿಲ್ಲ. ಅಂತಿಮ ನಿರ್ಧಾರ ನಾಯಕನದೇ ಆಗಿರಬೇಕು, ಆ ನಿರ್ಧಾರದ ಕಾರಣವನ್ನು ಹೇಳುವ ಕರ್ತವ್ಯವೂ ಅವನದೇ ಆಗಿರಬೇಕು. ಒಕ್ಕೂಟ ಮುಂದೆ ಸ್ವರೂಪವನ್ನು ಮತ್ತೆ ತಿದ್ದಲು ಹೊರಟಾಗ ಪ್ರಸಾರದ ಅವಧಿ, ಪ್ರಾಯೋಜಕರ ಹಣ, ಕ್ರೀಡಾಂಗಣದ ಬಾಡಿಗೆ ಇವುಗಳನ್ನು ಲೆಕ್ಕ ಹಾಕುವ ಮೊದಲು, ಈ ತಿದ್ದುಪಡಿಯಿಂದ ಎಷ್ಟು ಆಟಗಾರರಿಗೆ ಫಲಿತಾಂಶವನ್ನು ಬದಲಿಸಬಲ್ಲ ಪಂದ್ಯವೊಂದು ಸಿಗುತ್ತದೆ ಎಂದು ಕೇಳಿಕೊಳ್ಳಬೇಕು. ಪ್ರಜ್ಞೇಶ್, ಗಾರ್ಸಿಯಾ ಇಂಥವರಿಗೆ ಎರಡನೆಯ ದಿನವೊಂದನ್ನು ಕೊಡಬಲ್ಲ ಸ್ವರೂಪವೇ ತಂಡ ಟೆನಿಸ್‌ಗೆ ತಕ್ಕ ಸ್ವರೂಪ. ಅದನ್ನು ಕೊಡಲಾರದ ಸ್ಪರ್ಧೆ, ಎಷ್ಟೇ ಹಣ ತಂದರೂ, ದೇಶಗಳ ಬಾವುಟ ಹಿಡಿದ ಇನ್ನೊಂದು ಒಂಟಿ ಟೂರ್ನಿಯಾಗಿ ಉಳಿಯುತ್ತದೆ.